ರೈಲಿಲ್ಲದ ಜಿಲ್ಲೆಯ ಮಕ್ಕಳಿಗೆ ಮಾಲ್ಗುಡಿ ಕೊಟ್ಟದ್ದೇನು?

ನಾಪೋಕ್ಲು ಓದುಗ:

ಎಂಬತ್ತರ ದಶಕದಲ್ಲಿ ಕೊಡಗಿನಲ್ಲಿ ಶಾಲೆಗೆ ಹೋದ ಯಾರನ್ನೇ ಕೇಳಿದರೂ, ಬಾಲ್ಯದ ಅಚ್ಚುಮೆಚ್ಚಿನ ಧಾರಾವಾಹಿ ಎಂದೊಡನೆ ‘ಮಾಲ್ಗುಡಿ ಡೇಸ್’ ಹೆಸರನ್ನು ಎತ್ತುತ್ತಾರೆ. ಆದರೆ ಅದಕ್ಕೆ ಅವರು ಕೊಡುವ ಕಾರಣ ನನಗೆ ಒಪ್ಪಿಗೆಯಾಗುವುದಿಲ್ಲ. ಚಿತ್ರೀಕರಣ ನಡೆದ ಆಗುಂಬೆಯ ಹಸಿರು, ಹೆಂಚಿನ ಮಾಡು, ಜಗಲಿಯ ಕಂಬಗಳು ನಮ್ಮ ಊರಿನಂತೆಯೇ ಕಾಣುತ್ತಿದ್ದುದರಿಂದ ಅದು ನಮ್ಮದೇ ಕಥೆಯೆನಿಸಿತು ಎಂಬುದು ಎಲ್ಲರೂ ಹೇಳುವ ಮಾತು. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಮಾಲ್ಗುಡಿ ನಮ್ಮ ಊರಿನಂತೆ ಇರಲಿಲ್ಲ ಎಂಬುದೇ ಅದರ ಸೆಳೆತವಾಗಿತ್ತು.

ಬಯಲುಸೀಮೆಯ ಊರುಗಳಲ್ಲಿ ಇರುವಂತೆ ಗೋಡೆಗೆ ಗೋಡೆ ತಾಗಿಕೊಂಡ ಮನೆಗಳ ಬೀದಿ ನಮ್ಮ ಹಳ್ಳಿಗಳಲ್ಲಿ ಇಲ್ಲ. ಕುಟುಂಬದ ಮೂಲಮನೆಯಾದ ಐನ್‌ಮನೆಯಾಗಲಿ, ಆಮೇಲೆ ಪಾಲಾಗಿ ಕಟ್ಟಿಕೊಂಡ ಮನೆಗಳಾಗಲಿ, ಒಂದೊಂದೂ ತನ್ನ ಗದ್ದೆಯ ಅಂಚಿನಲ್ಲೋ ತೋಟದ ನಡುವೆಯೋ ಒಂಟಿಯಾಗಿ ನಿಂತಿರುತ್ತದೆ. ನನ್ನ ಸಹಪಾಠಿಯ ಮನೆಗೆ ಹೋಗಬೇಕಾದರೆ ತೋಡು ದಾಟಿ, ಅವರ ಏಲಕ್ಕಿ ಮಲೆಯ ಪಕ್ಕದ ಕಾಲುದಾರಿಯಲ್ಲಿ ಏರು ಹತ್ತಿ, ಅಂಗಳದ ನಾಯಿಗೆ ಹೆದರಿ ದೂರದಿಂದಲೇ ಕೂಗು ಹಾಕಬೇಕಾಗಿತ್ತು. ಜೂನ್ ಕಳೆದ ಮೇಲೆ ಆ ದಾರಿಯೂ ಇಲ್ಲ. ತೋಡಿನಲ್ಲಿ ನೀರು ಏರಿದರೆ ಶಾಲೆಗೇ ರಜೆ, ಇನ್ನು ಆಟದ ಮಾತೆಲ್ಲಿ? ಹೀಗಿರುವಾಗ ಸ್ವಾಮಿ ಎಂಬ ಹುಡುಗ ಜಗಲಿಯ ಮೆಟ್ಟಿಲಿಳಿದ ಕ್ಷಣವೇ ಬೀದಿಯಲ್ಲಿರುತ್ತಿದ್ದ. ಅಲ್ಲಿ ಮಣಿ ಸಿಗುತ್ತಿದ್ದ, ರಾಜಂ ಸಿಗುತ್ತಿದ್ದ, ಅಂಗಡಿಯವನು, ಜಟಕಾ ಗಾಡಿಯವನು, ಅಂಚೆಯವನು ಎಲ್ಲರೂ ಸಿಗುತ್ತಿದ್ದರು. ಆ ಮೆಟ್ಟಿಲು ಮತ್ತು ಬೀದಿಯ ನಡುವೆ ಅಂತರವೇ ಇಲ್ಲ ಎಂಬುದನ್ನು ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ.

ಎರಡನೆಯದು ರೈಲು. ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಮಾರ್ಗ ಬರುತ್ತದೆ ಎಂಬ ಮಾತನ್ನೂ, ಬರಬಾರದು ಎಂಬ ವಾದವನ್ನೂ ಕೇಳುತ್ತಲೇ ನನ್ನ ಪೀಳಿಗೆ ನಡುವಯಸ್ಸಿಗೆ ಬಂದಿದೆ. ಮಡಿಕೇರಿಯ ರಾಜಾಸೀಟಿನ ಪಕ್ಕದ ಪುಟಾಣಿ ರೈಲನ್ನು ಬಿಟ್ಟರೆ ನಮಗೆ ಬೇರೆ ರೈಲು ಗೊತ್ತಿರಲಿಲ್ಲ. ಮಾಲ್ಗುಡಿಯ ನಿಲ್ದಾಣದಲ್ಲಿ ಉಗಿಬಂಡಿ ಬಂದು ನಿಂತಾಗ ಮನೆಯ ಹಿರಿಯರೂ ಮಾತು ನಿಲ್ಲಿಸಿ ನೋಡುತ್ತಿದ್ದರು.

ಚಿತ್ರ ಸ್ಪಷ್ಟವಾಗಿ ಬರುತ್ತಿತ್ತು ಎಂದೇನೂ ಅಲ್ಲ. ಆಂಟೆನಾವನ್ನು ಉದ್ದನೆಯ ಬಿದಿರಿನ ತುದಿಗೆ ಕಟ್ಟಿ, ಆ ಬಿದಿರನ್ನು ಸಿಲ್ವರ್ ಓಕ್ ಮರಕ್ಕೆ ಹಗ್ಗದಿಂದ ಬಿಗಿದಿದ್ದೆವು. ಗಾಳಿ ತಿರುಗಿದರೆ ಆಂಟೆನಾ ತಿರುಗುತ್ತಿತ್ತು. ಅಣ್ಣ ಮರದ ಬುಡದಲ್ಲಿ ನಿಂತು ಬಿದಿರನ್ನು ಹೊರಳಿಸುವುದು, ನಾನು ಕಿಟಕಿಯಲ್ಲಿ ನಿಂತು “ಬಂತು, ಬಂತು, ಹೋಯಿತು, ಸ್ವಲ್ಪ ಹಿಂದೆ” ಎಂದು ಕೂಗುವುದು, ಒಳಗಿನಿಂದ ಅಜ್ಜ “ಧ್ವನಿ ಬಂದರೆ ಸಾಕು, ಬಿಡಿ” ಎನ್ನುವುದು ವಾಡಿಕೆಯಾಗಿತ್ತು. ಧ್ವನಿ ಹಿಂದಿಯಲ್ಲಿ ಇರುತ್ತಿತ್ತು, ಅಜ್ಜನಿಗೆ ಹಿಂದಿ ಬರುತ್ತಿರಲಿಲ್ಲ.

ಇಂದು ಯೋಚಿಸಿದರೆ ಆ ಧಾರಾವಾಹಿಯ ಪ್ರಭಾವ ನನ್ನ ಮೇಲೆ ಬಹಳ ಸ್ಥೂಲವಾಗಿಯೇ ಆಗಿದೆ. ಉದ್ಯೋಗಕ್ಕೆಂದು ಮೈಸೂರಿಗೆ ಹೋದವನು, ಹೊರವಲಯದಲ್ಲಿ ಗಾಳಿ ಬೆಳಕಿನ ಮನೆಗಳು ಕಡಿಮೆ ಬಾಡಿಗೆಗೆ ಸಿಗುತ್ತಿದ್ದರೂ, ಹಳೆಯ ಮೊಹಲ್ಲಾಗಳಲ್ಲಿ ಬೀದಿಗೇ ಬಾಗಿಲಿರುವ ಮನೆಗಳನ್ನು ಹುಡುಕಿಕೊಂಡು ಹೋದೆ. ಮನೆಯವರಿಗೆ ಇದು ಇಂದಿಗೂ ಅರ್ಥವಾಗಿಲ್ಲ. ಕೊಡಗಿನಲ್ಲಿ ಬೆಳೆದ ಉಳಿದವರಲ್ಲಿ ಈ ಧಾರಾವಾಹಿ ಉಳಿಸಿದ್ದೇನು ಎಂದು ತಿಳಿಯುವ ಆಸೆಯಿಂದ ಇದನ್ನು ಬರೆದಿದ್ದೇನೆ. ಹಸಿರು, ನೆಮ್ಮದಿ, ಮುಗ್ಧತೆ ಎಂಬ ಮೂರು ಮಾತುಗಳನ್ನು ದಯವಿಟ್ಟು ಬದಿಗಿಟ್ಟು ಬರೆಯಬೇಕೆಂದು ವಿನಂತಿ.

ಸೋಮವಾರಪೇಟೆ ಮೇಷ್ಟ್ರು:

ನಾಪೋಕ್ಲಿನ ಮಿತ್ರರ ಬೀದಿಯ ವಾದ ಸೊಗಸಾಗಿದೆ. ಅದನ್ನು ಒಪ್ಪುವ ಮೊದಲು, ನಾವು ನೋಡಿದ ಆ ಬೀದಿ ಹೇಗೆ ತಯಾರಾಯಿತು ಎಂಬುದನ್ನು ಸ್ವಲ್ಪ ಹೇಳಬೇಕು.

ಆರ್.ಕೆ. ನಾರಾಯಣರ ಕಲ್ಪನೆಯ ಮಾಲ್ಗುಡಿ ಸರಯೂ ನದಿಯ ದಂಡೆಯ ಊರು. 1935ರಲ್ಲಿ ಪ್ರಕಟವಾದ ಸ್ವಾಮಿಯ ಕಾದಂಬರಿಯಲ್ಲೇ ಆ ಊರು ಕಾಣಿಸಿಕೊಂಡಿತು. ಮೆಂಪಿ ಕಾಡು ಅದರಾಚೆಗೆ ಇದೆಯೇ ಹೊರತು ಊರು ಮಲೆನಾಡಿನದಲ್ಲ. ಅದನ್ನು ಸಹ್ಯಾದ್ರಿಯ ನೆತ್ತಿಯ ಆಗುಂಬೆಗೆ ಎತ್ತಿ ತಂದವರು ಶಂಕರ್‌ನಾಗ್. ನಿರ್ಮಾಪಕರು ಟಿ.ಎಸ್. ನರಸಿಂಹನ್. ಕಲಾ ನಿರ್ದೇಶಕ ಜಾನ್ ದೇವರಾಜ್ ಆಗುಂಬೆಯ ರಸ್ತೆಯನ್ನೇ ಮಾಲ್ಗುಡಿಯನ್ನಾಗಿ ಮಾಡಿದರು, ನಡುವೆ ನಾರಾಯಣರ ಕಥೆಗಳಲ್ಲಿ ಬರುವ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯೂ ನಿಂತಿತು. ರೈಲು ನಿಲ್ದಾಣವಾಗಿ ಬಳಕೆಯಾದದ್ದು ಶಿವಮೊಗ್ಗ ಮತ್ತು ತಾಳಗುಪ್ಪದ ನಡುವಿನ ಅರಸಾಳು. ಅಲ್ಲಿನ ಹಳೆಯ ಕಟ್ಟಡವನ್ನು ರೈಲ್ವೆಯವರು ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ, ಆ ಕೆಲಸದಲ್ಲಿಯೂ ಜಾನ್ ದೇವರಾಜ್ ಅವರ ಕೈ ಇದೆ. ಆದ್ದರಿಂದ ಆ ನಿಲ್ದಾಣದಿಂದ ಸ್ವಾಮಿ ಓಡಿ ಮನೆ ಸೇರುವುದು ತೆರೆಯ ಮೇಲಷ್ಟೇ ಸಾಧ್ಯ, ಅರಸಾಳಿನಿಂದ ಆಗುಂಬೆಗೆ ಘಂಟೆಗಟ್ಟಲೆ ಬಸ್ ಪ್ರಯಾಣವಿದೆ.

ಎಲ್ಲ ಕಂತುಗಳೂ ಶಂಕರ್‌ನಾಗ್ ಅವರದೇ ಎಂಬ ತಿಳಿವಳಿಕೆ ಹಲವರಲ್ಲಿದೆ. ಅವರು ನಿರ್ದೇಶಿಸಿದ್ದು 39 ಕಂತುಗಳನ್ನು. ಅವುಗಳಲ್ಲಿ ಮೊದಲ 13 ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ತಯಾರಾದವು, ಮುಂದಿನವು ಹಿಂದಿಯಲ್ಲಿ ಮಾತ್ರ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಆನಗೋಡಿನ ಬಳಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು 35. ಬಹಳ ವರ್ಷಗಳ ನಂತರ, 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದ ಇನ್ನೂ 15 ಕಂತುಗಳು ಬಂದವು.

ಈಗ ನನ್ನ ವಿಷಯ. ಈ ಧಾರಾವಾಹಿ ಬರುವ ಹೊತ್ತಿಗೆ ನಾನು ಹುಡುಗನಲ್ಲ, ಆಗತಾನೇ ಕೆಲಸಕ್ಕೆ ಸೇರಿದ ಮಾಸ್ತರ. ನನ್ನ ಮೇಲೆ ಅಚ್ಚೊತ್ತಿದ್ದು ಸ್ವಾಮಿ ತಂದೆಯ ಪತ್ರವನ್ನು ಶಾಲೆಗೆ ಒಯ್ಯುವ ಕಥೆ. ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗ, ಸ್ಯಾಮುವೆಲ್ ಮೇಷ್ಟ್ರು ಬಹಳ ಹೊಡೆಯುತ್ತಾರೆಂದು ಮನೆಯಲ್ಲಿ ಬಣ್ಣ ಕಟ್ಟಿ ಹೇಳುತ್ತಾನೆ. ತಂದೆ ಮುಖ್ಯೋಪಾಧ್ಯಾಯರಿಗೆ ಖಾರವಾದ ಪತ್ರ ಬರೆದು ಅವನ ಕೈಯಲ್ಲೇ ಕೊಡುತ್ತಾರೆ. ದಾರಿಯುದ್ದಕ್ಕೂ ಅವನಿಗೆ ಸ್ಯಾಮುವೆಲ್ ನಿಜಕ್ಕೂ ಅಷ್ಟು ಕೆಟ್ಟವರೇ ಎಂಬ ಅನುಮಾನ. ಪತ್ರಕ್ಕೆ ತಕ್ಕಷ್ಟು ಕೆಟ್ಟವರಾಗಲಿ ಎಂದು ತರಗತಿಯಲ್ಲಿ ಬೇಕೆಂದೇ ಕೆಣಕಿ ಪೆಟ್ಟು ತಿನ್ನುತ್ತಾನೆ. ಕೊನೆಗೆ ಪತ್ರ ಕೊಡಲು ಹೋದರೆ ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದಾರೆ, ಅವರ ಸ್ಥಾನದಲ್ಲಿ ಪತ್ರ ಪಡೆಯಬೇಕಾದವರು ಸ್ಯಾಮುವೆಲ್ ಅವರೇ.

ಅದನ್ನು ನೋಡಿದ ಮಾರನೆಯ ದಿನ ಏಳನೇ ತರಗತಿಗೆ ಹೋದಾಗ ಮಕ್ಕಳು ಬೆತ್ತವನ್ನೂ ನನ್ನ ಮುಖವನ್ನೂ ಒಮ್ಮೊಮ್ಮೆ ನೋಡುತ್ತಿದ್ದುದು ಚೆನ್ನಾಗಿ ನೆನಪಿದೆ. ಅಂದಿನವರೆಗೆ, ಬೆತ್ತದಡಿ ಕುಳಿತ ಹುಡುಗ ನನ್ನನ್ನು ಅಳೆಯುತ್ತಿರಬಹುದು, ನನ್ನ ಒಳ್ಳೆಯತನ ಕೆಟ್ಟತನಗಳ ಲೆಕ್ಕ ಇಡುತ್ತಿರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಬೆತ್ತ ಅಂದೇ ಬಿಟ್ಟೆ ಎಂದು ಹೇಳಿಕೊಳ್ಳಲಾರೆ, ಆ ಕಾಲದ ಶಾಲೆ ಹಾಗಿರಲಿಲ್ಲ. ಆದರೆ ಎತ್ತುವ ಮೊದಲು ತಡೆಯುವ ಅಭ್ಯಾಸ ಅಲ್ಲಿಂದ ಶುರುವಾಯಿತು. ತರಬೇತಿ ಕಾಲೇಜು ಕಲಿಸದ್ದನ್ನು ಅರ್ಧ ಗಂಟೆಗೂ ಕಡಿಮೆಯ ಒಂದು ಕಂತು ಕಲಿಸಿತು.

ಗೋಣಿಕೊಪ್ಪದ ಅಕ್ಕ:

ಮೇಷ್ಟ್ರೇ, ಕಲಾವಿದರನ್ನು ನೀವು ಬಿಟ್ಟಿರಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಎಲ್. ವೈದ್ಯನಾಥನ್ ಅವರ ಆ ರಾಗವನ್ನು ಗುನುಗದ ಮನೆ ನಮ್ಮ ಕಡೆ ಇರಲಿಲ್ಲ.

ಪ್ರಭಾವದ ಮಾತಿಗೆ ಬಂದರೆ, ನನಗೆ ಈ ಧಾರಾವಾಹಿಯ ಮೇಲೆ ಪ್ರೀತಿಯಷ್ಟೇ ತಕರಾರೂ ಇದೆ. ಸ್ವಾಮಿಯ ಗುಂಪಿನಲ್ಲಿ ಹುಡುಗಿಯೇ ಇಲ್ಲ. ಬೀದಿ ಎಲ್ಲರದ್ದೂ ಎಂದು ನಾಪೋಕ್ಲಿನ ಅಣ್ಣ ಬರೆದಿದ್ದಾರಲ್ಲ, ಆ ಬೀದಿಯಲ್ಲಿ ಆಡುತ್ತಿದ್ದವರು ಹುಡುಗರು ಮಾತ್ರ. ತಾಯಿ ಅಡುಗೆಮನೆಯಲ್ಲಿ, ಅಜ್ಜಿ ನಡುಮನೆಯ ಕತ್ತಲಲ್ಲಿ. ಆದರೆ ನಮ್ಮ ಮನೆಯ ಮುಂದಿನ ಕೊಯ್ಲಾದ ಗದ್ದೆಯಲ್ಲಿ ನಾವು ಅಕ್ಕತಂಗಿಯರು, ದೊಡ್ಡಪ್ಪನ ಮಕ್ಕಳು, ಎಲ್ಲರೂ ಒಟ್ಟಾಗಿ ಹಾಕಿ ಆಟ ಆಡುತ್ತಿದ್ದೆವು. ಕಾಫಿ ಗಿಡದ ಬಾಗಿದ ಕಾಂಡವನ್ನು ಕಡಿದು, ಸಿಪ್ಪೆ ಕೆರೆದು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಒಣಗಿಸಿದರೆ ಅದೇ ಸ್ಟಿಕ್. ಹುಡುಗಿ ಎಂದು ಯಾರೂ ಅಂಚಿಗೆ ನಿಲ್ಲಿಸುತ್ತಿರಲಿಲ್ಲ, ಗೋಲು ಕಾಯಲು ಮಾತ್ರ ಯಾವಾಗಲೂ ನನ್ನನ್ನೇ ಹಾಕುತ್ತಿದ್ದರು.

ಸ್ವಾಮಿಯ ಮಾಲ್ಗುಡಿ ಕ್ರಿಕೆಟ್ ಕ್ಲಬ್ಬನ್ನು ನೋಡಿದ ಮೇಲೆ ನಮ್ಮ ಗುಂಪಿಗೂ ಹೆಸರು ಬೇಕೆನಿಸಿತು, ಚಂದಾ ವಸೂಲಿಯಾಯಿತು, ಲೆಕ್ಕದ ಪುಸ್ತಕ ಬಂತು. ಆ ಹುಡುಗರು ಮದರಾಸಿನ ಬಿನ್ಸ್ ಕಂಪನಿಗೆ ಬ್ಯಾಟು ಚೆಂಡುಗಳಿಗಾಗಿ ಪತ್ರ ಬರೆದು, ಕಾಲು ಭಾಗ ಹಣ ಮುಂಗಡ ಕಳುಹಿಸಿ ಎಂಬ ಉತ್ತರ ಬಂದಾಗ ತಲೆಬುಡ ತಿಳಿಯದೆ, ಇದು ಬೇರೆ ಯಾರಿಗೋ ಬರೆದ ಕಾಗದವಿರಬೇಕೆಂದು ತಿರುಗಿ ಕಳುಹಿಸುತ್ತಾರೆ. ಇದನ್ನು ಕೇಳಿಯೂ ಬುದ್ಧಿ ಬಾರದೆ ನಾವು ಮೈಸೂರಿನ ಅಂಗಡಿಯೊಂದಕ್ಕೆ ಪತ್ರ ಬರೆದೆವು. ಉತ್ತರವೇ ಬರಲಿಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭವಾಗಿ, ಮನೆತನಕ್ಕೊಂದು ತಂಡ ಮೈದಾನಕ್ಕೆ ಇಳಿದಾಗ ನಮ್ಮ ಆ ಚಂದಾ ಪುಸ್ತಕವನ್ನು ನೆನೆದು ಅಣ್ಣಂದಿರು ಬಹಳ ನಕ್ಕರು. ಊರಿನ ಆಟಕ್ಕೂ ಕ್ಲಬ್ಬು, ಪದಾಧಿಕಾರಿ, ರಸೀದಿ ಎಲ್ಲ ಇರಬಹುದು ಎಂಬ ಕಲ್ಪನೆ ನಮಗೆ ಬಂದದ್ದು ಆ ಧಾರಾವಾಹಿಯಿಂದ. ನಾನು ಇಂದು ಮಹಿಳಾ ಸಮಾಜದ ಖಜಾಂಚಿಯಾಗಿ ಎರಡು ರೂಪಾಯಿಗೂ ರಸೀದಿ ಕೇಳುವುದಕ್ಕೆ ಕಾರಣ ಇದೇ ಎಂದು ನನ್ನ ಮಗಳು ಹೇಳುತ್ತಾಳೆ.

ಸಿದ್ದಾಪುರ ಲೈನ್‌ಮನೆ:

ಮೇಲಿನ ಬರಹಗಳನ್ನೆಲ್ಲ ಆಸಕ್ತಿಯಿಂದ ಓದಿದೆ. ಎಲ್ಲರೂ ಟಿವಿಯ ಮುಂದೆ ಕುಳಿತು ನೋಡಿದವರು. ನಾವು ಹೊರಗಿನಿಂದ ನೋಡಿದವರು.

ಕೊಡಗಿನಲ್ಲಿ ಬೀದಿಯೇ ಇರಲಿಲ್ಲ ಎಂದು ನಾಪೋಕ್ಲಿನವರು ಬರೆದಿದ್ದಾರೆ. ತೋಟದ ಲೈನ್‌ಮನೆ ಮತ್ತೇನು? ಒಂದೇ ಉದ್ದದ ಮಾಡಿನ ಕೆಳಗೆ ಸಾಲಾಗಿ ಕೋಣೆಗಳು, ಪ್ರತಿ ಕೋಣೆಗೆ ಒಂದು ಬಾಗಿಲು, ಬಾಗಿಲ ಮುಂದೆ ಒಂದು ಒಲೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ಪಕ್ಕದ ಕೋಣೆಯಲ್ಲಿ ಮಗು ಕೆಮ್ಮಿದರೆ ನಮಗೆ ಎಚ್ಚರವಾಗುತ್ತಿತ್ತು. ಅಲ್ಲಿ ತಮಿಳು, ಮಲಯಾಳ, ಎರವ, ಚಾಮರಾಜನಗರದ ಕಡೆಯ ಕನ್ನಡ ಎಲ್ಲವೂ ಇತ್ತು. ಬೀದಿಗಾಗಿ ಹಂಬಲಿಸುವ ಪ್ರಮೇಯ ನಮಗೆ ಬರಲಿಲ್ಲ. ಒಂದು ಬಾಗಿಲನ್ನು ಮುಚ್ಚಿಕೊಂಡು ಸುಮ್ಮನೆ ಕೂರುವ ಜಾಗಕ್ಕಾಗಿ ಹಂಬಲಿಸಿದೆವು.

ತೋಟದ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಟಿವಿ ಇತ್ತು. ಅವರು ಒಳ್ಳೆಯವರು, ಮಕ್ಕಳು ಜಗಲಿಯಲ್ಲಿ ಕುಳಿತು ಕಿಟಕಿಯಿಂದ ನೋಡಲು ಅಡ್ಡಿಯಿರಲಿಲ್ಲ. ಪರದೆಯ ಒಂದು ಬದಿಗೆ ಅವರ ಕುರ್ಚಿಯ ಬೆನ್ನು ಅಡ್ಡ ಬರುತ್ತಿದ್ದರಿಂದ ಮಾಲ್ಗುಡಿಯ ಎಡಭಾಗವನ್ನು ನಾನು ದೊಡ್ಡವನಾದ ಮೇಲೆಯೇ ನೋಡಿದ್ದು.

ನನ್ನಲ್ಲಿ ಉಳಿದ ಕಂತು ಸ್ವಾಮಿಯದಲ್ಲ. ಲೀಲಾ ಎಂಬ ಪುಟ್ಟ ಹುಡುಗಿಯ ಮನೆಗೆ ಕೆಲಸ ಕೇಳಿಕೊಂಡು ಬರುವ ಸಿದ್ದನದು. ಅವನು ಆ ಹುಡುಗಿಯ ಜೊತೆ ಚೆಂಡಾಡುತ್ತಾನೆ, ಎಸೆದ ಚೆಂಡು ಚಂದ್ರನನ್ನು ಮುಟ್ಟಿ ಬಂತೆಂದು ನಂಬಿಸುತ್ತಾನೆ. ಅವಳು ಅವನನ್ನು ಕೂರಿಸಿ ಅಕ್ಷರ ತಿದ್ದಿಸುತ್ತಾಳೆ. ಒಂದು ದಿನ ಮಗುವಿನ ಚಿನ್ನದ ಸರ ಕಾಣುವುದಿಲ್ಲ. ಸಿದ್ದನೂ ಕಾಣುವುದಿಲ್ಲ. ಮೊದಲೇ ಜೈಲು ಕಂಡವನೆಂದು ಪೊಲೀಸರು ಹೇಳುತ್ತಾರೆ, ಹಿಡಿದು ತರುತ್ತಾರೆ. ಅವನು ತೆಗೆದಿಲ್ಲ ಎನ್ನುತ್ತಾನೆ. ಹುಡುಗಿ ಅಳುತ್ತಾಳೆ, ಅವನನ್ನು ಬಿಟ್ಟುಬಿಡಿ ಎನ್ನುತ್ತಾಳೆ. ಕೆಲವು ದಿನಗಳ ಮೇಲೆ ಸರ ಹುಣಸೆಹಣ್ಣಿನ ಗಡಿಗೆಯಲ್ಲಿ ಸಿಗುತ್ತದೆ, ಹಾಕಿದವಳು ಲೀಲಾಳೇ. ಆಗಲೂ ಮನೆಯ ಯಜಮಾನ, ಏನೇ ಆಗಲಿ ಅಂಥ ಕಳ್ಳನನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗುತ್ತಿರಲಿಲ್ಲ ಎನ್ನುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಸಿದ್ದನನ್ನು ಬಿಟ್ಟರೋ ಇಲ್ಲವೋ, ಅವನ ಕ್ಷಮೆ ಯಾರಾದರೂ ಕೇಳಿದರೋ ಎಂಬುದನ್ನು ನಾರಾಯಣರು ಹೇಳುವ ಗೋಜಿಗೇ ಹೋಗುವುದಿಲ್ಲ.

ನಮ್ಮ ದೊಡ್ಡಮ್ಮ ಒಂದು ಬಂಗಲೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದರು. ಅಲ್ಲಿ ಒಂದು ಕೈಗಡಿಯಾರ ಕಾಣೆಯಾಯಿತು. ಪೊಲೀಸರನ್ನು ಕರೆಯಲಿಲ್ಲ, ಮರುದಿನದಿಂದ ಬರಬೇಡ ಎಂದರು ಅಷ್ಟೇ. ಗಡಿಯಾರ ಆಮೇಲೆ ಮಳೆಗಾಲದ ಕೋಟಿನ ಜೇಬಿನಲ್ಲಿ ಸಿಕ್ಕಿತೆಂದು ಬಂಗಲೆಯ ಅಡುಗೆಯವನಿಂದ ಗೊತ್ತಾಯಿತು. ದೊಡ್ಡಮ್ಮನನ್ನು ಮತ್ತೆ ಕರೆಯಲಿಲ್ಲ. ಈ ಕಂತು ಬಂದ ದಿನ ಅವರೂ ಜಗಲಿಯಲ್ಲಿದ್ದರು. ಹುಣಸೆಯ ಗಡಿಗೆಯಿಂದ ಸರ ಹೊರಬಂದಾಗ ಅವರು ಗಟ್ಟಿಯಾಗಿ ನಕ್ಕುಬಿಟ್ಟರು, ಒಳಗಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಅವರಿಗೆ ಹಿಂದಿಯ ಒಂದು ಪದವೂ ಬರುತ್ತಿರಲಿಲ್ಲ.

ನಾನು ಈಗ ವಕೀಲಿ ವೃತ್ತಿಯಲ್ಲಿದ್ದೇನೆ. ಕಳ್ಳತನದ ಆರೋಪ ಹೊತ್ತ ಮನೆಗೆಲಸದವರ ಪ್ರಕರಣ ಬಂದರೆ ಶುಲ್ಕದ ಮಾತು ಆಡುವುದಿಲ್ಲ. ಪ್ರಭಾವ ಎಂದು ಕರೆಯುವುದಾದರೆ ನನ್ನ ಮಟ್ಟಿಗೆ ಅದು ಇದು. ಮಾಲ್ಗುಡಿಯನ್ನು ಸಿಹಿಯಾದ ಊರು ಎಂದು ನೆನೆಯುವವರು ಸಿದ್ದನ ಕಂತನ್ನು ಇನ್ನೊಮ್ಮೆ ನೋಡಬೇಕು.

ನಿವೃತ್ತ ಅಂಚೆಯವ, ಪೊನ್ನಂಪೇಟೆ:

ಸಿದ್ದಾಪುರದವರ ಬರಹದ ನಂತರ ನನ್ನದು ಸಣ್ಣ ವಿಷಯವೆನಿಸಬಹುದು. ಆದರೂ ತಾನಪ್ಪನ ಹೆಸರು ಇಲ್ಲಿ ಬಾರದೆ ಹೋದರೆ ನನಗೆ ಸಮಾಧಾನವಿಲ್ಲ.

ತಾನಪ್ಪ ಮಾಲ್ಗುಡಿಯ ಅಂಚೆಯವನು. ತನ್ನ ಬೀಟಿನ ಪ್ರತಿ ಮನೆಯ ಸುಖದುಃಖ ಅವನಿಗೆ ಗೊತ್ತು. ರಾಮಾನುಜಂ ಎಂಬವರ ಮಗಳ ಮದುವೆಗೆ ಅವನೇ ಗಂಡು ಸೂಚಿಸುತ್ತಾನೆ, ಹುರಿದುಂಬಿಸುತ್ತಾನೆ. ಮೇ ತಿಂಗಳ 20ನೇ ತಾರೀಖು ಬಿಟ್ಟರೆ ಆ ವರ್ಷ ಬೇರೆ ಮುಹೂರ್ತವಿಲ್ಲ. ಅಷ್ಟರಲ್ಲಿ ಸೇಲಂನಲ್ಲಿದ್ದ ಹಿರಿಯ ಬಂಧುವಿಗೆ ಕಾಯಿಲೆ ಎಂಬ ಕಾರ್ಡು, ಹಿಂದೆಯೇ ತೀರಿಕೊಂಡರೆಂಬ ತಂತಿ ಬರುತ್ತವೆ. ಅವೆರಡನ್ನೂ ತಾನಪ್ಪ ತನ್ನಲ್ಲೇ ಇಟ್ಟುಕೊಂಡು ಮದುವೆ ಮುಗಿದ ಮೇಲೆ ಕೊಡುತ್ತಾನೆ. ಬೇಕಿದ್ದರೆ ದೂರು ಕೊಡಿ, ನನ್ನ ಕೆಲಸ ಹೋಗುತ್ತದೆ ಎನ್ನುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಎನ್ನುತ್ತಾರೆ.

ಈ ಕಂತನ್ನು ಮೊದಲ ಬಾರಿ ನೋಡಿದಾಗ ನಾನಿನ್ನೂ ಕಾಲೇಜು ಹುಡುಗ. ತಾನಪ್ಪ ದೇವರಂಥ ಮನುಷ್ಯ ಎನಿಸಿತು. ಇಲಾಖೆಗೆ ಸೇರಿದ್ದಕ್ಕೆ ಅವನೂ ಒಂದು ಕಾರಣ ಎಂದರೆ ಉತ್ಪ್ರೇಕ್ಷೆಯಲ್ಲ. ಸೇರಿದ ಮೇಲೆ ಅಭಿಪ್ರಾಯ ಬದಲಾಯಿತು. ಕೊಡಗಿನಲ್ಲಿ ತಂತಿ ಎಂದರೆ ಏನೆಂಬುದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಮನೆಗೊಬ್ಬರು ಸೈನ್ಯದಲ್ಲಿರುವ ಊರುಗಳಲ್ಲಿ ಅಂಚೆಯವನು ಹೊತ್ತಲ್ಲದ ಹೊತ್ತಿನಲ್ಲಿ ತೋಟದ ಗೇಟು ತೆರೆದರೆ, ಅವನು ಅಂಗಳ ಮುಟ್ಟುವ ಮೊದಲೇ ಒಳಗಿನಿಂದ ಜನ ಎದ್ದು ಬರುತ್ತಿದ್ದರು. ಬಡ್ತಿಯ ಸುದ್ದಿಯೋ, ರಜೆ ಸಿಕ್ಕಿ ಬರುತ್ತಿರುವ ಸುದ್ದಿಯೋ, ಮತ್ತೊಂದೋ ಎಂಬುದನ್ನು ಅವರು ನಮ್ಮ ಮುಖದಲ್ಲೇ ಓದಲು ನೋಡುತ್ತಿದ್ದರು. ಆದ್ದರಿಂದ ಮುಖದಲ್ಲಿ ಏನೂ ತೋರಿಸದೆ ನಡೆಯುವುದನ್ನು ಕಲಿತೆವು. ಒಳಗೇನಿದೆ ಎಂದು ಗೊತ್ತಿದ್ದೂ ಅದನ್ನು ಒಂದು ದಿನ ಚೀಲದಲ್ಲಿ ಉಳಿಸಿಕೊಳ್ಳುವ ಅಧಿಕಾರ ನನಗಿದೆ ಎಂದು ನಾನು ಎಂದೂ ಭಾವಿಸಲಿಲ್ಲ. ತಂತಿಯನ್ನು ತಡೆಯುವುದು ಇಲಾಖೆಯ ಕಣ್ಣಿನಲ್ಲಿ ಅಪರಾಧ ಎಂಬುದು ಒಂದು ಮಾತು. ಅದು ಆ ಮನೆಯವರ ದುಃಖ, ಎಂದು ಅಳಬೇಕೆಂದು ನಿರ್ಧರಿಸಲು ನಾನು ಯಾರು ಎಂಬುದು ಅದಕ್ಕಿಂತ ದೊಡ್ಡ ಮಾತು.

ಹಾಗೆಂದು ತಾನಪ್ಪನನ್ನು ಕೈಬಿಡಲೂ ಆಗುವುದಿಲ್ಲ. ಬೀಟಿನ ಮೇಲೆ ಹೋಗುವಾಗಲೆಲ್ಲ ಅವನು ನನ್ನ ಜೊತೆ ವಾದ ಮಾಡುತ್ತಲೇ ಇದ್ದ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಾಗ ಆ ವಾದ ಮುಗಿಯಿತು ಎಂದುಕೊಂಡೆ. ಈಗ ಸುದ್ದಿ ಫೋನಿನಲ್ಲಿ, ಮನೆಯವರಿಗಿಂತ ಮೊದಲು ಊರಿಗೆಲ್ಲ ತಿಳಿಯುವುದನ್ನು ನೋಡಿದಾಗ ಅವನು ಮತ್ತೆ ತಲೆಯೆತ್ತುತ್ತಾನೆ.

ಗೋಣಿಕೊಪ್ಪದ ಅಕ್ಕ:

ಅಂಚೆಯಣ್ಣ, ನಮ್ಮ ಮನೆಗೂ ಅಂಥ ಒಂದು ತಂತಿ ಬಂದಿತ್ತು. ತಂದವರು ಅಪ್ಪನ ಕೈಗೇ ಕೊಟ್ಟು, ಅಪ್ಪ ಓದಿ ಮುಗಿಸುವವರೆಗೂ ಅಲ್ಲೇ ನಿಂತಿದ್ದರು. ಹೋಗಲು ಬೇರೆ ಮನೆಗಳಿದ್ದರೂ ನಿಂತಿದ್ದರು. ನಿಮ್ಮ ಮಾತೇ ಸರಿ ಎಂದು ನನಗನಿಸುತ್ತದೆ.

ಜಂಬೂರು ಬಡಾವಣೆ:

ನಾನು ಇಲ್ಲಿರುವ ಎಲ್ಲರಿಗಿಂತ ಚಿಕ್ಕವನು, ‘ಮಾಲ್ಗುಡಿ ಡೇಸ್’ ನೋಡಿದ್ದು ಫೋನಿನಲ್ಲಿ. ಮೊದಲ ಕೆಲವು ಕಂತುಗಳು ನಿಧಾನವೆನಿಸಿದವು ಎಂಬುದನ್ನು ಮುಚ್ಚಿಡುವುದಿಲ್ಲ. ಮದುವೆಯ ವಿಡಿಯೊಗಳಿಗೂ ಹೋಂಸ್ಟೇ ಜಾಹೀರಾತುಗಳಿಗೂ ಆ ರಾಗವನ್ನು ಅಂಟಿಸುವುದನ್ನು ಕೇಳಿ ಕೇಳಿ ಅದರ ಮೇಲೆ ಬೇಸರವೂ ಇತ್ತು. ಆದರೂ ಬರೆಯಲು ಕಾರಣ ಬೀದಿಯ ಚರ್ಚೆ.

ನಮ್ಮದು ಮುಕ್ಕೋಡ್ಲುವಿನ ಕಡೆಯ ಒಂಟಿ ಮನೆಯಾಗಿತ್ತು, ನಾಪೋಕ್ಲಿನವರು ವರ್ಣಿಸಿದ ಹಾಗೆಯೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ, ಪಕ್ಕದ ಮನೆಯವರು ಬದುಕಿದ್ದಾರೋ ಇಲ್ಲವೋ ಎಂಬುದು ನಮಗೆ ತಿಳಿದದ್ದು ಪರಿಹಾರ ಕೇಂದ್ರ ತಲುಪಿದ ಮೇಲೆ. ಕೂಗಿದರೆ ಕೇಳುವ ದೂರವಲ್ಲ, ಕೇಳಿದರೂ ದಾಟಿ ಬರುವ ದಾರಿಯಿರಲಿಲ್ಲ. ಮನೆ ಕಳೆದುಕೊಂಡವರಿಗಾಗಿ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಸಾಲುಮನೆಗಳ 
ಬಡಾವಣೆಗಳಾದವು. ನಮಗೆ ಜಂಬೂರಿನಲ್ಲಿ ಒಂದು ಮನೆ ಸಿಕ್ಕಿತು. ಅಂದರೆ ನಿಮಗೆ ಬೇಕಾಗಿದ್ದ ಬೀದಿ ನಮಗೆ ಸಿಕ್ಕಿತು. ಮೆಟ್ಟಿಲಿಳಿದರೆ ರಸ್ತೆ, ಎದುರಿಗೆ ಇನ್ನೊಬ್ಬರ ಬಾಗಿಲು.

ಅಪ್ಪ ಬಹಳ ದಿನ ಆ ಬಾಗಿಲಲ್ಲಿ ಕೂರಲೇ ಇಲ್ಲ. ಹಲ್ಲುಜ್ಜಲು ಹೊರಗೆ ಬಂದರೆ ಹತ್ತು ಜನ ನೋಡುತ್ತಾರೆ ಎನ್ನುತ್ತಿದ್ದರು. ಜೋರಾಗಿ ಮಾತನಾಡುವುದು ಅವರ ಅಭ್ಯಾಸ, ತೋಟದಲ್ಲಿ ಹಾಗೆ ಮಾತನಾಡದಿದ್ದರೆ ಕೆಲಸ ಆಗುವುದಿಲ್ಲ. ಇಲ್ಲಿ ಅದು ಜಗಳವೆಂದು ಜನ ಕಿಟಕಿ ತೆರೆದು ನೋಡಿದರು. ಈಗ ರೂಢಿಯಾಗಿದೆ. ವಾರಕ್ಕೊಮ್ಮೆ ಹಳೆಯ ತೋಟಕ್ಕೆ ಹೋಗಿ ಉಳಿದ ಕಾಫಿ ಗಿಡಗಳನ್ನು ನೋಡಿಕೊಂಡು ಬರುತ್ತಾರೆ. ನನ್ನ ಅಣ್ಣನ ಮಕ್ಕಳು ಮಾತ್ರ ಶಾಲೆಯಿಂದ ಬಂದ ಕೂಡಲೇ ಚೀಲ ಒಗೆದು ರಸ್ತೆಗಿಳಿಯುತ್ತಾರೆ. ಹುಡುಗಿಯರೂ ಇಳಿಯುತ್ತಾರೆ, ಗೋಣಿಕೊಪ್ಪದ ಅಕ್ಕನಿಗೆ ಇದು ಸಂತೋಷದ ಸುದ್ದಿಯಾಗಬಹುದು.

ನಾಪೋಕ್ಲು ಓದುಗ:

ಚರ್ಚೆ ನಾನು ನೆನೆಸದ ಕಡೆಗೆ ಹೋಗಿರುವುದು ಒಳ್ಳೆಯದೇ ಆಯಿತು.

ಸಿದ್ದಾಪುರದವರ ಮಾತಿಗೆ ಮೊದಲು. ಲೈನ್‌ಮನೆಯೂ ಬೀದಿಯೇ ಎಂಬುದು ಸರಿ. ಆದರೆ ಅದರಲ್ಲಿರುವವರು ಅದನ್ನು ಆರಿಸಿಕೊಂಡಿರಲಿಲ್ಲ, ಜಂಬೂರಿನ ಬಡಾವಣೆಯವರೂ ಆರಿಸಿಕೊಳ್ಳಲಿಲ್ಲ. ನಾನು ಮೈಸೂರಿನಲ್ಲಿ ಹುಡುಕಿಕೊಂಡು ಹೋದ ಬೀದಿಯನ್ನು ಬೇಡವೆನಿಸಿದ ದಿನ ಬಿಟ್ಟು ಬರಬಹುದಾಗಿತ್ತು. ಸ್ವಾಮಿಗೂ ಒಂದು ಮಿತಿಯಲ್ಲಿ ಆ ಅನುಕೂಲವಿತ್ತು. ಅವನು ಶಾಲೆಯ ಗಾಜು ಒಡೆದು ಒಂದು ಶಾಲೆ ಬಿಟ್ಟ, ಮುಖ್ಯೋಪಾಧ್ಯಾಯರ ಬೆತ್ತ ಕಿತ್ತೆಸೆದು ಇನ್ನೊಂದು ಶಾಲೆ ಬಿಟ್ಟ, ಊರನ್ನೇ ಬಿಟ್ಟು ಮೆಂಪಿಯ ದಾರಿ ಹಿಡಿದ. ಹುಡುಕಿ ತಂದು ಮನೆಯಲ್ಲಿ ಕೂರಿಸಲು ತಂದೆ ಇದ್ದರು. ಸಿದ್ದ ಓಡಿದಾಗ ಹುಡುಕಿದವರು ಪೊಲೀಸರು. ಒಬ್ಬನೇ ಲೇಖಕ, ಒಂದೇ ಊರು. ಇದನ್ನು ನಾನು ಇಷ್ಟು ವರ್ಷ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ನಾರಾಯಣರಿಗೆ ತಮ್ಮ ‘ದಿ ಗೈಡ್’ ಕಾದಂಬರಿಯಿಂದ 1965ರಲ್ಲಿ ಬಂದ ಹಿಂದಿ ಚಿತ್ರ ‘ಗೈಡ್’ ಸಮಾಧಾನ ತಂದಿರಲಿಲ್ಲ, ಅದರ ಬಗ್ಗೆ ವ್ಯಂಗ್ಯವಾಗಿಯೇ ಬರೆದಿದ್ದಾರೆ. ಅವರ ಊರನ್ನು ಅಲ್ಲಿ ಬಣ್ಣಬಣ್ಣವಾಗಿ ಎಲ್ಲೆಲ್ಲಿಗೋ ಒಯ್ದಿದ್ದರು. ಶಂಕರ್‌ನಾಗ್ ಆಗುಂಬೆಗೆ ಒಯ್ದರೂ ಕಥೆಯ ಹುಳಿಯನ್ನು ಹಾಗೆಯೇ ಉಳಿಸಿದರು ಎಂಬುದು ಸಿದ್ದ, ತಾನಪ್ಪ ಇಬ್ಬರ ಕಂತುಗಳಿಂದಲೂ ಗೊತ್ತಾಗುತ್ತದೆ. ಹುಳಿ ಮರೆತು ರಾಗವನ್ನಷ್ಟೇ ಉಳಿಸಿಕೊಂಡವರು ನಾವು.

ಮೇಷ್ಟ್ರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಶಾಲೆಗಳಲ್ಲಿ ಮಕ್ಕಳಿಗೆ ಇದನ್ನು ತೋರಿಸುವುದಾದರೆ ಸ್ವಾಮಿಯಿಂದ ಆರಂಭಿಸದೆ ಸಿದ್ದನಿಂದ ಆರಂಭಿಸಿದರೆ ಹೇಗೆ?

ಸೋಮವಾರಪೇಟೆ ಮೇಷ್ಟ್ರು:

ಕಳೆದ ವರ್ಷ ಹಾಗೊಂದು ಪ್ರಯತ್ನ ಮಾಡಿದೆ. ಸಿದ್ದನ ಕಂತು ಮುಗಿದಾಗ ಮಕ್ಕಳು ಕೇಳಿದ ಮೊದಲ ಪ್ರಶ್ನೆ, ಲೀಲಾಗೆ ಬೈಯಲಿಲ್ಲವೇ ಎಂಬುದು. ಎರಡನೆಯದು, ಸಿದ್ದನ ಫೋನ್ ನಂಬರು ಅವರ ಬಳಿ ಇರಲಿಲ್ಲವೇ ಎಂಬುದು. ಒಬ್ಬಳು ಹುಡುಗಿ ಮಾತ್ರ, ಮುಂದಿನ ಭಾಗ ಯಾವಾಗ ಎಂದಳು. ಇಲ್ಲ, ಇಷ್ಟೇ ಎಂದಾಗ ಅವಳು ಒಪ್ಪಲಿಲ್ಲ. ಮುಂದಿನ ಭಾಗವನ್ನು ನೀನೇ ಬರೆದುಕೊಂಡು ಬಾ ಎಂದೆ. ಅವಳ ಕಥೆಯಲ್ಲಿ ಲೀಲಾ ದೊಡ್ಡವಳಾಗಿ ಪೊಲೀಸ್ ಅಧಿಕಾರಿಯಾಗಿ ಸಿದ್ದನನ್ನು ಹುಡುಕಿಕೊಂಡು ಹೋಗುತ್ತಾಳೆ. ಸಿದ್ದ ಅವಳನ್ನು ಗುರುತಿಸುವುದಿಲ್ಲ. ಏಳನೇ ತರಗತಿಯ ಬರಹವೆಂದು ನಂಬುವುದು ಕಷ್ಟವಾಯಿತು.

ಜಂಬೂರು ಬಡಾವಣೆ:

ಮೇಷ್ಟ್ರೇ, ಆ ಕಥೆಯನ್ನು ಇಲ್ಲಿ ಹಾಕಲು ಸಾಧ್ಯವಾದರೆ, ಅವಳ ಮನೆಯವರ ಒಪ್ಪಿಗೆ ಪಡೆದು ದಯವಿಟ್ಟು ಹಾಕಿ.

ಈ ಚರ್ಚೆ ಓದಿದ ಮೇಲೆ ನಿನ್ನೆ ರಾತ್ರಿ ಅಜ್ಜಿಗೆ ಸ್ವಾಮಿಯ ಮೊದಲ ಕಂತನ್ನು ತೋರಿಸಿದೆ. ಮಾತು ಅರ್ಥವಾಗದ ಕಡೆ ನಾನು ಹೇಳುತ್ತಾ ಹೋದೆ. ಅವರು ಸ್ವಾಮಿಯನ್ನಾಗಲಿ ರೈಲನ್ನಾಗಲಿ ಅಷ್ಟಾಗಿ ಗಮನಿಸಲಿಲ್ಲ. “ಇವರ ಮನೆಯ ಹಿಂದೆ ಗದ್ದೆ ಕಾಣುವುದಿಲ್ಲ, ತೋಟ ಕಾಣುವುದಿಲ್ಲ, ಊಟಕ್ಕೆ ಏನು ಮಾಡುತ್ತಾರೆ?” ಎಂದು ಕೇಳಿದರು. ಹುಡುಗನ ಅಪ್ಪ ವಕೀಲರು ಎಂದೆ. “ಹಾಗಾದರೆ ಸರಿ, ಗದ್ದೆ ತೋಟ ಇದ್ದವರೆಲ್ಲ ಅವರ ಮನೆಗೇ ಬರುತ್ತಾರೆ” ಎಂದು ಹೇಳಿ ಮುಂದಿನ ಕಂತು ಹಾಕು ಎಂದರು.